ಬುಲ್ಹ್ವಾನ ಇನ್ನೊಂದು ಮುಖವೂ ತಿಳಿಯಲಿ

ಮಾನ್ಯರೆ,

ಚೀನಾವನ್ನು ಆಳಿದ ಮಂಗೋಲರ ಯುವಾನ್ ವಂಶದ ಆಸ್ಥಾನದಲ್ಲಿದ್ದ ಕೊರಿಯನ್ ಖೋಜಾಗಳ ಬಗ್ಗೆ ಬರೆಯುವವರು ಅಂತಃಪುರದ ಒಳಸಂಚುಗಳನ್ನಷ್ಟೇ ಹೇಳಿ, ಅವರಲ್ಲಿ ಪ್ರಮುಖನಾದ ಪಾಕ್ ಬುಲ್ಹ್ವಾ ನಡೆಸಿದ ಸಾಮೂಹಿಕ ಶವಸಂಸ್ಕಾರವನ್ನು ಬಿಟ್ಟುಬಿಡುವುದು ಸರಿಯಲ್ಲ.

1358ರಲ್ಲಿ ರಾಜಧಾನಿ ದಾದುವನ್ನು (ಇಂದಿನ ಬೀಜಿಂಗ್) ಕ್ಷಾಮ ಮತ್ತು ಸಾಂಕ್ರಾಮಿಕ ರೋಗ ಒಟ್ಟಿಗೆ ಮುತ್ತಿದವು. ಹೆನಾನ್, ಶಾಂಡೊಂಗ್ ಕಡೆಯ ಯುದ್ಧಕ್ಕೆ ಹೆದರಿ ಬಂದ ನಿರಾಶ್ರಿತರೂ ಸೇರಿ, ಹೆಣದ ಮೇಲೆ ಹೆಣ ಬಿದ್ದಿತ್ತು. ಬುಲ್ಹ್ವಾನ ಕೋರಿಕೆಯಂತೆ ಚಕ್ರವರ್ತಿ ತೊಘೊನ್ ತೆಮೂರ್ 7,000 ಡಿಂಗ್ (ಆ ಕಾಲದ ಹಣದ ಲೆಕ್ಕದ ಒಂದು ಮಾನ) ಕಾಗದದ ಹಣ ಕೊಟ್ಟ. ಬುಲ್ಹ್ವಾ ತನ್ನ ಜೇಡ್ ಮತ್ತು ಚಿನ್ನದ ನಡುಪಟ್ಟಿ, ಬೆಳ್ಳಿ, ಅಕ್ಕಿ, ಗೋಧಿ, ತುಪ್ಪಳದ ನಿಲುವಂಗಿಗಳನ್ನೂ ಸೇರಿಸಿದ. ನಗರದಿಂದ ಲುಗೌ ಸೇತುವೆಯವರೆಗೆ ಜಾಗ ಆರಿಸಿ, ನೆಲದಲ್ಲಿ ನೀರು ಕಾಣುವಷ್ಟು ಆಳಕ್ಕೆ ಅಗೆಸಿದ; ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಗುಂಡಿ. ಶವವೊಂದನ್ನು ತಂದವರಿಗೆ ಸ್ಥಳದಲ್ಲೇ ಹಣ ಸಿಗುತ್ತಿದ್ದುದರಿಂದ ಹೊತ್ತು ತರುವವರ ಸಾಲು ನಿಲ್ಲಲಿಲ್ಲ. ರೋಗಿಗಳಿಗೆ ಔಷಧ, ಗತಿಯಿಲ್ಲದವರಿಗೆ ಶವಪೆಟ್ಟಿಗೆಯೂ ದೊರೆತವು. 1360ರ ನಾಲ್ಕನೇ ತಿಂಗಳ ಹೊತ್ತಿಗೆ ಹೂಳಿದ ಶವಗಳು 2 ಲಕ್ಷ. ಖರ್ಚು 27,090ಕ್ಕೂ ಹೆಚ್ಚು ಡಿಂಗ್.

ಯುವಾನ್ ವಂಶದ ಅಧಿಕೃತ ಇತಿಹಾಸವು ಇದನ್ನು ಕೀರ್ತಿಯ ಆಸೆ ಎನ್ನುತ್ತದೆ. ಇರಬಹುದು. ಆತ ಚಕ್ರವರ್ತಿಯ ಪತ್ನಿ ಗಿ ಮಹಾರಾಣಿಯ ಬಲಗೈಯಾಗಿ ಅಧಿಕಾರ ದುರುಪಯೋಗಪಡಿಸಿಕೊಂಡಿದ್ದೂ, 1364ರಲ್ಲಿ ಸೇನಾನಿ ಬೊಲದ್ ತೆಮೂರ್‌ನ ಕೈಗೆ ಸಿಕ್ಕಿ ಹತನಾದದ್ದೂ ನಿಜ. ಆದರೂ ಆ ಇತಿಹಾಸವೇ ಲೆಕ್ಕಸಮೇತ ದಾಖಲಿಸಿದ್ದನ್ನು ನಾವು ಕೈಬಿಡಲು ಕಾರಣವಿಲ್ಲ. ಪತ್ರಿಕೆಯ ಇತಿಹಾಸ ಲೇಖನಗಳಲ್ಲಿ ಬುಲ್ಹ್ವಾನ ಹೆಸರು ಬಂದಾಗಲೆಲ್ಲ ಈ ಅಂಕಿಅಂಶಗಳನ್ನೂ ಒಂದು ಚೌಕಟ್ಟಿನಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.

– ಇತಿಹಾಸ ಉಪನ್ಯಾಸಕ, ಧಾರವಾಡ