ಸೈಬರ್ ಸೆಂಟರ್‌ನಲ್ಲೇ ಉಳಿದುಹೋಗುವ ಕುಕಿ

ಮಾನ್ಯ ಸಂಪಾದಕರೆ,

ಅರ್ಜಿ ಹಾಕುವ ಹಂಗಾಮು ಬಂತೆಂದರೆ ಕಲಬುರಗಿಯ ಸೈಬರ್ ಸೆಂಟರ್‌ಗಳಲ್ಲಿ ಸಾಲು ನಿಲ್ಲುತ್ತದೆ. ಸಿಇಟಿ, ವಿದ್ಯಾರ್ಥಿವೇತನ, 371ಜೆ ಪ್ರಮಾಣಪತ್ರ, ಪಹಣಿ, ಎಲ್ಲವೂ ಒಂದೇ ಕಂಪ್ಯೂಟರ್‌ನಲ್ಲಿ. ಕೆಲಸ ಮುಗಿದವರು ಮೂಲೆಯ ಇಂಟು ಗುರುತು ಒತ್ತಿ ಎದ್ದುಹೋಗುತ್ತಾರೆ. ಅಷ್ಟಕ್ಕೇ ಖಾತೆಯಿಂದ ಹೊರಬಂದಂತಾಯಿತೆಂದು ನಂಬುವಂತಿಲ್ಲ.

ಪಾಸ್‌ವರ್ಡ್ ಇಲ್ಲವೇ ಒಟಿಪಿ ಕೊಟ್ಟು ಒಳಹೋದ ಕೂಡಲೇ ಜಾಲತಾಣ ಒಂದು ಉದ್ದನೆಯ ಗುರುತು ಸಂಖ್ಯೆಯನ್ನು ಬ್ರೌಸರ್‌ಗೆ ಕಳಿಸುತ್ತದೆ. ಅದು ಕುಕಿಯಲ್ಲಿ, ಅಂದರೆ ತಾಣದ ಪರವಾಗಿ ಬ್ರೌಸರ್ ಇಟ್ಟುಕೊಳ್ಳುವ ಪುಟ್ಟ ಟಿಪ್ಪಣಿಯಲ್ಲಿ, ಕೂರುತ್ತದೆ. ಮುಂದೆ ಪುಟ ಕೇಳಿದಾಗಲೆಲ್ಲ ಬ್ರೌಸರ್ ಅದನ್ನೇ ತೋರಿಸುತ್ತದೆ. ಕುರ್ಚಿಯಲ್ಲಿ ಯಾರು ಕೂತಿದ್ದಾರೆಂಬುದು ತಾಣದ ಸರ್ವರ್‌ಗೆ ತಿಳಿಯದು. ಬ್ರೌಸರ್ ಮುಚ್ಚಿದರೆ ಇಂಥ ಕುಕಿ ಸಾಮಾನ್ಯವಾಗಿ ಅಳಿಯುತ್ತದೆ. ಆದರೆ ಕ್ರೋಮ್‌ನಲ್ಲಿ ಬಿಟ್ಟಲ್ಲಿಂದಲೇ ಮುಂದುವರಿಸುವ ಆಯ್ಕೆ ಇದ್ದರೆ ಉಳಿಯುತ್ತದೆ. 'ರಿಮೆಂಬರ್ ಮಿ' ಚೌಕಕ್ಕೆ ಟಿಕ್ ಹಾಕಿದ್ದರಂತೂ ತಾಣ ಗೊತ್ತುಮಾಡಿದ ದಿನದವರೆಗೂ ಇರುತ್ತದೆ. ಕ್ರೋಮ್ ಅದಕ್ಕೆ 400 ದಿನಗಳವರೆಗೆ ಅವಕಾಶ ಕೊಡುತ್ತದೆ.

ಅಂಗಡಿಯವರೇ ಮಾಡುವ ಒಂದು ತಪ್ಪು ಇನ್ನೂ ಗಂಭೀರ. ಸಮಯ ಉಳಿಸಲೆಂದು ಒಂದೇ ತಾಣವನ್ನು ಎರಡು ಟ್ಯಾಬ್‌ಗಳಲ್ಲಿ ತೆರೆದು ಇಬ್ಬರ ಅರ್ಜಿ ತುಂಬುತ್ತಾರೆ. ಟ್ಯಾಬ್ ಎರಡಾದರೂ ಕುಕಿ ಒಂದೇ. ಎರಡನೆಯವರ ಲಾಗಿನ್ ಮೊದಲನೆಯವರ ಕುಕಿಯನ್ನು ಅಳಿಸಿ ಅದರ ಜಾಗದಲ್ಲಿ ಕೂರುತ್ತದೆ. ಆಮೇಲೆ ಮೊದಲ ಟ್ಯಾಬ್‌ನಲ್ಲಿ 'ಸೇವ್' ಒತ್ತಿದರೆ ಸೆಷನ್ ಮುಗಿದಿದೆ ಎಂದು ಬರಬಹುದು. ತಾಣ ಸರಿಯಾಗಿ ಪರೀಕ್ಷಿಸದಿದ್ದರೆ ಒಬ್ಬರ ಜಾತಿ, ಆದಾಯದ ವಿವರ ಇನ್ನೊಬ್ಬರ ಖಾತೆಗೆ ಸೇರಿಬಿಡುತ್ತದೆ. ಎರಡು ಇನ್‌ಕಾಗ್ನಿಟೊ (ಜಾಡು ಉಳಿಸದ) ಕಿಟಕಿ ತೆರೆದರೂ ಪ್ರಯೋಜನವಿಲ್ಲ, ಅವೆರಡೂ ಒಂದೇ ಕುಕಿಯನ್ನು ಹಂಚಿಕೊಳ್ಳುತ್ತವೆ. ಒಬ್ಬರದು ಕ್ರೋಮ್‌ನಲ್ಲಿ, ಇನ್ನೊಬ್ಬರದು ಫೈರ್‌ಫಾಕ್ಸ್‌ನಲ್ಲಿ ಇರಲಿ.

ಗಿರಾಕಿಗೆ ಕಂಪ್ಯೂಟರ್ ಬಿಟ್ಟುಕೊಡುವಾಗ ಕ್ರೋಮ್‌ನ ಬಲತುದಿಯ ಪ್ರೊಫೈಲ್ ಚಿತ್ರ ಒತ್ತಿ 'ಗೆಸ್ಟ್' ಕಿಟಕಿ ತೆರೆದುಕೊಡಿ. ಗೆಸ್ಟ್ ಕಿಟಕಿಗಳನ್ನೆಲ್ಲ ಮುಚ್ಚಿದಾಗ ಕುಕಿ ತಾನಾಗಿ ಹೋಗುತ್ತದೆ. ಇಳಿಸಿಕೊಂಡ ಪಿಡಿಎಫ್ ಹೋಗುವುದಿಲ್ಲ. ಅದನ್ನು ಡೌನ್‌ಲೋಡ್ಸ್‌ನಿಂದ ಅಳಿಸಿ ರಿಸೈಕಲ್ ಬಿನ್ ಕೂಡ ಖಾಲಿ ಮಾಡಬೇಕು.

ಗಿರಾಕಿಗಳು ಮೊದಲು ಲಾಗ್‌ಔಟ್ ಮಾಡಿ, ಆಮೇಲೆ ಕಿಟಕಿ ಮುಚ್ಚಿ. ಮಾಮೂಲಿ ಕಿಟಕಿಯಲ್ಲಿ ಕೆಲಸ ಮಾಡಿದ್ದರೆ ಕಂಟ್ರೋಲ್, ಶಿಫ್ಟ್, ಡಿಲೀಟ್ ಒಟ್ಟಿಗೆ ಒತ್ತಿ, ಅವಧಿಗೆ 'ಆಲ್ ಟೈಮ್' ಆರಿಸಿ ಕುಕಿ ಅಳಿಸಿ. ಒಂದು ಗಂಟೆ ಎಂದಿದ್ದರೆ ಬೆಳಿಗ್ಗೆ ಬಂದ ಕುಕಿ ಹಾಗೇ ಇರುತ್ತದೆ.

ಸರ್ಕಾರಿ ತಾಣ ರೂಪಿಸುವವರಲ್ಲೂ ಒಂದು ಬೇಡಿಕೆ. ಪ್ರತಿ ಪುಟದ ಮೇಲ್ಭಾಗದಲ್ಲಿ 'ಹೊರಗೆ ಬನ್ನಿ' ಎಂದು ಕನ್ನಡದಲ್ಲಿ ದೊಡ್ಡ ಗುಂಡಿ ಇಡಿ. ಅದನ್ನು ಒತ್ತಿದಾಗ ಕುಕಿಯಲ್ಲಿನ ಆ ಗುರುತು ಸಂಖ್ಯೆ ಸರ್ವರ್‌ನಲ್ಲೇ ರದ್ದಾಗಲಿ. ಹತ್ತು ನಿಮಿಷ ಯಾರೂ ಏನೂ ಒತ್ತದಿದ್ದರೂ ರದ್ದಾಗಲಿ.

– ಕಂಪ್ಯೂಟರ್ ತರಬೇತುದಾರರು, ಕಲಬುರಗಿ