ಬೀಮ್ ಬಾಗಿದೆ ಅಂತ ಫೋಟೊ ಹಾಕುವ ಮೊದಲು

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಲ್ಲಿ ಮನೆ ಕಟ್ಟಿಸುತ್ತಿರುವ ಕೆಲವರು ಹಾಲ್‌ನ ಬೀಮ್ (ಭಾರ ಹೊರುವ ಅಡ್ಡ ತೊಲೆ) ಫೋಟೊ ಹಾಕಿ, ಬಾಗಿದ ಹಾಗಿದೆ, ಅಪಾಯವೇ ಅಂತ ಕೇಳಿದ್ದಾರೆ. ಫೋಟೊ ನೋಡಿ ಹೇಳಲು ಆಗುವುದಿಲ್ಲ. ದಯವಿಟ್ಟು ಅಳೆದು ಹಾಕಿ.

ಎರಡೂ ತುದಿಯಲ್ಲಿ ಬೀಮ್ ಕೆಳಗೆ 50 ಮಿ.ಮೀ. ಮರದ ತುಂಡು ಇಟ್ಟು ಅದರ ಕೆಳಗಿಂದ ಲೈನ್ ದಾರ ಬಿಗಿಯಿರಿ. ಬೀಮ್‌ನ ನಡುಮಧ್ಯೆ ಬೀಮ್‌ಗೂ ದಾರಕ್ಕೂ ಅಂತರ 50 ಮಿ.ಮೀ.ಗಿಂತ ಎಷ್ಟು ಕಡಿಮೆಯಿದೆಯೋ ಅಷ್ಟು ತಗ್ಗು. ಕಾಂಕ್ರೀಟ್ ಹಾಕುವಾಗ ಸೆಂಟ್ರಿಂಗೇ (ಕೆಳಗಿನ ಅಚ್ಚು) ತಗ್ಗಿದ್ದಿರಬಹುದು, ಅದಕ್ಕೇ ಈಗಲೂ ಬಾಗುತ್ತಿದೆಯೇ ಅಂತ ತಿಳಿಯಲು ಎರಡು ತಿಂಗಳು ಬಿಟ್ಟು ಅದೇ ಜಾಗದಲ್ಲಿ ಮತ್ತೆ ಅಳೆಯಿರಿ.

ಭಾರ ಬಿದ್ದರೆ ಎಲ್ಲ ಆರ್‌ಸಿಸಿ (ಕಬ್ಬಿಣ ಹಾಕಿದ ಕಾಂಕ್ರೀಟ್) ಬೀಮೂ ಸ್ವಲ್ಪ ಬಾಗುತ್ತದೆ. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456:2000 ಪ್ರಕಾರ ಒಟ್ಟು ಬಾಗು ಸ್ಪ್ಯಾನ್‌ನ (ಎರಡು ಆಧಾರಗಳ ನಡುವಿನ ಉದ್ದ) 250ರಲ್ಲಿ ಒಂದು ಭಾಗ ಮೀರಬಾರದು. 5 ಮೀಟರ್‌ಗೆ 20 ಮಿ.ಮೀ. ಆಯಿತು, ಅಲ್ವಾ?

ಒಂದೇ ದಿನಕ್ಕೆ ಮುಗಿಯುವ ವಿಷಯವೂ ಅಲ್ಲ ಇದು. ಭಾರ ಹಾಗೇ ಇದ್ದರೆ ಕಾಂಕ್ರೀಟ್ ವರ್ಷಗಟ್ಟಲೆ ನಿಧಾನವಾಗಿ ಬಾಗುತ್ತಲೇ ಇರುತ್ತದೆ. ಮೇಲಿನ ರೂಮಲ್ಲಿ ತಿಂಗಳುಗಟ್ಟಲೆ ಕಾಫಿ ಮೂಟೆ ಪೇರಿಸುವವರು ಡಿಸೈನ್ ಹಂತದಲ್ಲೇ ಎಂಜಿನಿಯರ್‌ಗೆ ಹೇಳಿಬಿಡಿ. ಬಾಗು ಕಡಿಮೆ ಮಾಡಲು ಸುಮ್ನೆ ಕಬ್ಬಿಣ ತುಂಬುವುದಕ್ಕಿಂತ ಬೀಮ್ ಆಳ ಹೆಚ್ಚಿಸುವುದೇ ಒಳ್ಳೆಯದು.

ಪ್ರಾಪ್ (ಬೀಮ್ ಕೆಳಗೆ ಕೊಟ್ಟ ಊರುಗಂಬ) ಬೇಗ ತೆಗೆಯಲು ಮೇಸ್ತ್ರಿ ಅವಸರ ಮಾಡಿದರೆ ಒಪ್ಪಬೇಡಿ. ಸ್ಪ್ಯಾನ್ 6 ಮೀಟರ್‌ವರೆಗೆ ಇದ್ದರೆ ಕನಿಷ್ಠ 14 ದಿನ, ಅದಕ್ಕಿಂತ ಉದ್ದವಾದರೆ 21 ದಿನ ಬಿಡಬೇಕು. ಇದು ಓಪಿಸಿ (ಸಾಮಾನ್ಯ ಪೋರ್ಟ್‌ಲ್ಯಾಂಡ್) ಸಿಮೆಂಟ್‌ಗೆ, ಅದೂ 15 ಡಿಗ್ರಿಗಿಂತ ಕೆಳಗಿಳಿಯದ ಹವೆಗೆ. ಪಿಪಿಸಿ (ಹಾರುಬೂದಿಯಂಥದ್ದು ಬೆರೆಸಿದ ಸಿಮೆಂಟ್) ಆದರೆ, ಅಥವಾ ನಮ್ಮ ಡಿಸೆಂಬರ್ ಚಳಿಯಲ್ಲಿ, ಇನ್ನೂ ಜಾಸ್ತಿ ದಿನ ಬಿಡಿ.

ಬೀಮ್‌ನಲ್ಲಿ ಕಂಬದ ಹತ್ತಿರ ಓರೆಯಾಗಿ ಬಿರುಕು ಕಂಡರೆ ಮಾತ್ರ ಅಳೆಯುತ್ತಾ ಕೂರಬೇಡಿ. ಕೆಳಗೆ ಪ್ರಾಪ್ ಕೊಡಿಸಿ, ಅವತ್ತೇ ಸ್ಟ್ರಕ್ಚರಲ್ ಎಂಜಿನಿಯರ್ ಕರೆಸಿ.