ಮಗಳಿಗೊಂದು ಪತ್ರ: ಟ್ಯೂಟರ್ ಆಗು, ಆದರೆ ವಾರ್ಡ್ ಬಿಡಬೇಡ

ಪ್ರೀತಿಯ ಪುಟ್ಟಿ,

ಬಿಎಸ್ಸಿ ನರ್ಸಿಂಗ್ ಮುಗಿದ ಮೇಲೆ ಬೇಗ ಎಂಎಸ್ಸಿ ಮಾಡಿ ನರ್ಸಿಂಗ್ ಕಾಲೇಜಿನಲ್ಲಿ ಟ್ಯೂಟರ್ ಆಗಿಬಿಡ್ತೀನಿ, ನೈಟ್ ಡ್ಯೂಟಿ ತಪ್ಪುತ್ತೆ ಅಂತ ಪುಣೆಯಿಂದ ಮೆಸೇಜ್ ಹಾಕಿದ್ದೀಯಲ್ಲ, ಅದಕ್ಕೆ ಫೋನಿನಲ್ಲಿ ಉತ್ತರ ಕೊಟ್ಟರೆ ಜಗಳ ಆಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಟ್ಯೂಟರ್ ಆಗು, ಖಂಡಿತ ಆಗು. ಆದರೆ ನೈಟ್ ತಪ್ಪಿಸಿಕೊಳ್ಳೋದಕ್ಕೆ ಅಂತ ಆಗಬೇಡ.

ಎಂಎಸ್ಸಿಗೆ ಸೇರಲು ಒಂದು ವರ್ಷದ ಕೆಲಸದ ಅನುಭವ ಬೇಕು ಅನ್ನೋದು ನಿಯಮ. ಎಷ್ಟೋ ಜನ ಆ ವರ್ಷವನ್ನು ಸರ್ಟಿಫಿಕೇಟಿಗಷ್ಟೇ ಮುಗಿಸುತ್ತಾರೆ. ನಮ್ಮ ಕೆಲಸ ಸೊರಗಿರುವುದು ಇಲ್ಲೇ ಅಂತ ನನಗೆ ಅನಿಸುತ್ತದೆ. ಕಲಿಸುವವರು ಕಾಲೇಜಿನಲ್ಲಿ, ಕೈಪಳಗಿದವರು ವಾರ್ಡಿನಲ್ಲಿ. ಮಧ್ಯೆ ಹುಡುಗಿಯರು ಬಿಪಿ ನೋಡಿ, ಬೆಡ್ ಮಾಡಿ, ಮಾಡಿದ ಕೆಲಸ ದಾಖಲಿಸುವ ಪ್ರೊಸೀಜರ್ ಬುಕ್ಕಿಗೆ ಸಹಿ ಹಾಕಿಸಿಕೊಂಡು ಕಾಲೇಜ್ ಬಸ್ ಹತ್ತುತ್ತಾರೆ. ಒಬ್ಬ ರೋಗಿಯ ಬಗ್ಗೆ ಬರೆದು ಒಪ್ಪಿಸುವ ಕೇಸ್ ಪ್ರೆಸೆಂಟೇಶನ್ ಸೀನಿಯರ್ ಬರೆದದ್ದು, ಮೇಲಿನ ಹೆಸರು ಮಾತ್ರ ಇವರದು. (ನಿನ್ನದು ಹಾಗಲ್ಲ ಅಂದುಕೊಂಡಿದ್ದೇನೆ.)

ಬೆಡ್‌ಸೋರ್, ಅಂದರೆ ಮಲಗಿದ್ದಲ್ಲೇ ಮಲಗಿ ಒತ್ತಡದಿಂದ ಆಗುವ ಹುಣ್ಣು, ಆ ವಿಷಯವನ್ನೇ ತಗೋ. ಅದರ ಹಂತಗಳನ್ನು ಪರೀಕ್ಷೆಯಲ್ಲಿ ಗಡಗಡ ಬರೆಯುತ್ತೀರಿ. ಮೊದಲ ಹಂತದಲ್ಲಿ ಚರ್ಮ ಕೆಂಪಾಗಿರುತ್ತದೆ, ಬೆರಳಿನಿಂದ ಒತ್ತಿದರೂ ಬಿಳಿಚಿಕೊಳ್ಳುವುದಿಲ್ಲ ಅಂತ ಪುಸ್ತಕದಲ್ಲಿದೆ. ಆದರೆ ನಮ್ಮ ವಾರ್ಡಿಗೆ ಬರುವ ಕಪ್ಪು ಮೈಬಣ್ಣದ ಅಜ್ಜನ ಸೊಂಟದ ಕೆಳಗೆ ಆ ಕೆಂಪು ಎಲ್ಲಿ ಕಾಣಬೇಕು? ಅಲ್ಲಿ ಕೈ ಇಟ್ಟೇ ನೋಡಬೇಕು. ಸುತ್ತಲಿನ ಜಾಗಕ್ಕಿಂತ ಬಿಸಿ ಇದೆಯಾ, ಗಟ್ಟಿಯಾಗಿದೆಯಾ, ಮುಟ್ಟಿದರೆ ಮುಖ ಕಿವುಚುತ್ತಾರಾ? ಹಿಮ್ಮಡಿ ಎತ್ತಿ ನೋಡಬೇಕು. ಆಕ್ಸಿಜನ್ ನಳಿಕೆ ಕಿವಿಯ ಹಿಂದೆ ಒತ್ತುವ ಜಾಗ ನೋಡಬೇಕು. ಇದನ್ನು ಕ್ಲಾಸಿನಲ್ಲಿ ಪಿಪಿಟಿ ತೋರಿಸಿ ಕಲಿಸೋಕೆ ಆಗಲ್ಲ, ಗೊತ್ತಿರುವವರೊಬ್ಬರು ನಿನ್ನ ಕೈ ಹಿಡಿದು ಅಲ್ಲಿಟ್ಟು "ಈಗ ಗೊತ್ತಾಯ್ತಾ?" ಅನ್ನಬೇಕು.

ಮುಂಬಯಿಯ ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿದ್ದ ಅರುಣಾ ಶಾನಭಾಗ ನಮ್ಮ ಹೊನ್ನಾವರ ಕಡೆಯ ಹಳದೀಪುರದವರು. 1973ರಲ್ಲಿ ಅದೇ ಆಸ್ಪತ್ರೆಯೊಳಗೆ ಹಲ್ಲೆಗೊಳಗಾಗಿ ಹಾಸಿಗೆ ಹಿಡಿದ ನರ್ಸ್. 2015ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿನ ಸಿಸ್ಟರ್‌ಗಳೇ ನೋಡಿಕೊಂಡರು. ಅಷ್ಟು ವರ್ಷ ಹಾಸಿಗೆ ಹಿಡಿದಿದ್ದರೂ ಒಂದೂ ಬೆಡ್‌ಸೋರ್ ಆಗಿರಲಿಲ್ಲ ಅನ್ನೋದು ಸುಪ್ರೀಂ ಕೋರ್ಟಿನ 2011ರ ತೀರ್ಪಿನಲ್ಲೂ ಇದೆ. ಜನ ಅದನ್ನು ಮಮತೆ, ತ್ಯಾಗ ಅಂತಾರೆ. ಮಮತೆ ಇತ್ತು, ಇಲ್ಲ ಅನ್ನಲ್ಲ. ಆದರೆ ಬರೀ ಮಮತೆಯಿಂದ ಬೆಡ್‌ಸೋರ್ ತಪ್ಪುವುದಾದರೆ ಮನೆಯಲ್ಲಿ ಮಲಗಿದ ಯಾವ ಅಜ್ಜಿಗೂ ಆಗಬಾರದಿತ್ತು, ಅಲ್ವಾ? ಪ್ರತಿ ಶಿಫ್ಟಿನವರಿಗೂ ಕೆಲಸ ಗೊತ್ತಿತ್ತು, ಶಿಫ್ಟ್ ಬದಲಾಗುವಾಗ ಮುಂದಿನವರಿಗೆ ಒಪ್ಪಿಸುವ ಹ್ಯಾಂಡೋವರ್‌ನಲ್ಲಿ ಯಾರೂ ಅದನ್ನು ಬಿಡಲಿಲ್ಲ.

ಈ ಕೆಲಸವನ್ನು ವಿದ್ಯೆ ಅಂತ ಒಪ್ಪಿಕೊಂಡರೆ ಅದಕ್ಕೆ ತಕ್ಕ ದುಡ್ಡು ಕೊಡಬೇಕಾಗುತ್ತದೆ ನೋಡು, ಅದಕ್ಕೇ ನಮ್ಮನ್ನು ದೇವತೆ ಮಾಡಿ ಕೂರಿಸುತ್ತಾರೆ. 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರದ ಸಮಿತಿಯೊಂದು ಕೂತು ಲೆಕ್ಕ ಹಾಕಿತು: 200ಕ್ಕಿಂತ ಜಾಸ್ತಿ ಹಾಸಿಗೆ ಇರುವ ಖಾಸಗಿ ಆಸ್ಪತ್ರೆ ಸರ್ಕಾರಿ ನರ್ಸಿನಷ್ಟೇ ಸಂಬಳ ಕೊಡಲಿ, 50ಕ್ಕಿಂತ ಕಡಿಮೆ ಇದ್ದರೂ 20,000 ರೂಪಾಯಿಗಿಂತ ಕೆಳಗೆ ಇಳಿಯದಿರಲಿ ಅಂತ. ಅದು ಎಲ್ಲಿ ಎಷ್ಟು ಜಾರಿಯಾಗಿದೆ ಅಂತ ನಿನ್ನ ಸೀನಿಯರ್‌ಗಳನ್ನೇ ಕೇಳು. ಇನ್ನು 1947ರ ಹಳೇ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಜಾಗಕ್ಕೆ 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ ಬಂತು. ಒಳ್ಳೇದೇ. ಆದರೆ ಆಯೋಗದವರು ಬಂದು ನಿನ್ನ ವಿದ್ಯಾರ್ಥಿಯ ಕೈ ಹಿಡಿದು ಕಲಿಸಲ್ಲ.

ವೆಲ್ಲೂರಿನ ಸಿಎಂಸಿಯಲ್ಲಿ (ಕ್ರಿಶ್ಚಿಯನ್ ಮೆಡಿಕಲ್ ಕಾಲೇಜ್) ನರ್ಸಿಂಗ್ ಪಾಠ ಮಾಡುವವರಿಗೆ ವಾರ್ಡಿನ ಜವಾಬ್ದಾರಿಯೂ ಇರುತ್ತದೆ. ಎಂಎಸ್ಸಿಗೆ ಅಂಥ ಜಾಗ ಹುಡುಕು. ಅದಕ್ಕೂ ಮೊದಲು ಎರಡು ಮೂರು ವರ್ಷ ಮೆಡಿಕಲ್ ವಾರ್ಡಿನಲ್ಲೋ ಐಸಿಯುನಲ್ಲೋ ದುಡಿ. ಐಸಿಯು ಹಿಡಿಸಿದರೆ ಕ್ರಿಟಿಕಲ್ ಕೇರ್‌ನ, ಅಂದರೆ ಜೀವಾಪಾಯದಲ್ಲಿರುವ ರೋಗಿಗಳ ಆರೈಕೆಯ, ನರ್ಸ್ ಪ್ರಾಕ್ಟೀಷನರ್ ಕೋರ್ಸೂ ಇದೆ, ಎರಡು ವರ್ಷದ್ದು, ಓದೂ ಕೆಲಸವೂ ರೋಗಿಯ ಪಕ್ಕದಲ್ಲೇ. ನನಗಂತೂ ಅದೇ ನಿನಗೆ ಸರಿ ಅನಿಸುತ್ತದೆ, ಒತ್ತಾಯ ಇಲ್ಲ. ಫೀಸಿನ ಚಿಂತೆ ಬೇಡ, ಅಪ್ಪ ಡೊಂಬಿವಿಲಿ ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟಿದ್ದಾರೆ.

ಕೆಲಸದ ಇಂಟರ್‌ವ್ಯೂಗೆ ಹೋದಾಗ, ನೈಟ್‌ನಲ್ಲಿ ಒಬ್ಬ ನರ್ಸಿಗೆ ಎಷ್ಟು ರೋಗಿಗಳು ಅಂತ ಮೊದಲು ಕೇಳು. ಆಮೇಲೆ ಸಂಬಳವನ್ನೂ ಕೇಳು, ನಾಚಿಕೊಳ್ಳಬೇಡ.

ನಿನ್ನ,
ಆಯಿ